ಕೋಹಿ ವೆಓತ್ಸೆಮ್ ಯಾದಿ: ‘ನನ್ನ ಶಕ್ತಿ, ನನ್ನ ಕೈಬಲ’

ಹೀಬ್ರೂ ಭಾಷೆಯಲ್ಲಿ ‘ಕೋಅಹ್’ ಎಂದರೆ ಶಕ್ತಿ, ‘ಓತ್ಸೆಮ್’ ಎಂದರೆ ಬಲ, ‘ಯಾದ್’ ಎಂದರೆ ಕೈ. ಮೂರೂ ಕೂಡಿ ‘ಕೋಹಿ ವೆಓತ್ಸೆಮ್ ಯಾದಿ’: ನನ್ನ ಶಕ್ತಿ, ನನ್ನ ಕೈಯ ಬಲ. ಕ್ರಿಯಾಪದವೂ ಇಲ್ಲದ ಈ ತುಣುಕು ಯೆಹೂದಿಗಳ ಮಾತಿನಲ್ಲಿ ಒಂದು ಮನೋಭಾವದ ಹೆಸರಾಗಿಯೇ ನಿಂತಿದೆ. ಗೆದ್ದವನು, ಗಳಿಸಿದವನು ‘ಎಲ್ಲವೂ ನನ್ನಿಂದಲೇ ಆಯಿತು’ ಎಂದು ಬೀಗಿದಾಗ ಅವನನ್ನು ಎಚ್ಚರಿಸಲು ಈ ಮೂರು ಪದಗಳು ಸಾಕು.

ಮಾತಿನ ಮೂಲ ಯೆಹೂದಿಗಳ ಪವಿತ್ರ ಗ್ರಂಥವಾದ ತೋರಾದ ಐದನೆಯ ಪುಸ್ತಕ, ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡ. 8ನೇ ಅಧ್ಯಾಯದ 17ನೇ ವಚನ. 40 ವರ್ಷ ಮರುಭೂಮಿಯಲ್ಲಿ ಅಲೆದು, ಆಕಾಶದಿಂದ ಬಿದ್ದ ಮನ್ನಾ ಎಂಬ ಆಹಾರ ತಿಂದು ಬದುಕಿದ ಇಸ್ರಾಯೇಲ್ ಜನ ಈಗ ಯೊರ್ದನ್ ನದಿಯ ದಡದಲ್ಲಿದ್ದಾರೆ. ಎದುರಿಗೆ ಗೋದಿ, ದ್ರಾಕ್ಷಿ, ಅಂಜೂರ, ದಾಳಿಂಬೆ ಬೆಳೆಯುವ ನಾಡು. ತಾನು ಆ ನದಿ ದಾಟುವುದಿಲ್ಲವೆಂದು ತಿಳಿದಿರುವ ಮುಂದಾಳು ಮೋಶೆ ಅವರಿಗೆ ಬುದ್ಧಿ ಹೇಳುತ್ತಾನೆ. ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ಬೆಳ್ಳಿಬಂಗಾರ ಹೆಚ್ಚಿದಾಗ ‘ಈ ಸಂಪತ್ತನ್ನು ಗಳಿಸಿದ್ದು ನನ್ನ ಶಕ್ತಿ, ನನ್ನ ಕೈಬಲ’ ಎಂದು ನಿನ್ನ ಹೃದಯದಲ್ಲಿ ಅಂದುಕೊಂಡೀಯೆ, ಎಚ್ಚರ! ಬಾಯಿಬಿಟ್ಟು ಹೇಳುವ ಜಂಬದ ಮಾತಲ್ಲ ಇದು. ಒಳಗೊಳಗೇ ಅಂದುಕೊಳ್ಳುವುದು, ಆದ್ದರಿಂದಲೇ ಯಾರ ಕಣ್ಣಿಗೂ ಬೀಳದೆ ಬೆಳೆಯುವುದು. ಹಸಿದವನು ದೇವರನ್ನು ಮರೆಯುತ್ತಾನೆಂಬ ಭಯ ಮೋಶೆಗೆ ಇಲ್ಲಿಲ್ಲ. ಅವನ ಭಯವೆಲ್ಲ ಉಂಡವನ ಬಗ್ಗೆ.

‘ಸಂಪತ್ತು’ ಎಂದು ನಾವು ಓದುವ ಜಾಗದಲ್ಲಿ ಮೂಲದಲ್ಲಿರುವ ಪದ ‘ಹಾಯಿಲ್’. ಐಶ್ವರ್ಯ, ಪರಾಕ್ರಮ, ಸೇನೆ ಮೂರನ್ನೂ ಅದು ಸೂಚಿಸುತ್ತದೆ. ಇಂದಿನ ಹೀಬ್ರೂವಿನಲ್ಲಿ ಸೈನಿಕನಿಗೆ ‘ಹಯ್ಯಾಲ್’ ಎನ್ನುವುದೂ ಇದೇ ಬೇರಿನಿಂದ. ಹಾಗಾಗಿ ಅಂಗಡಿಯ ಲಾಭಕ್ಕೂ ರಣರಂಗದ ಗೆಲುವಿಗೂ ಈ ಎಚ್ಚರಿಕೆ ಒಂದೇ. ಶತ್ರುಗಳಾದ ಮಿದ್ಯಾನ್ಯರ ಮೇಲೆ ಯುದ್ಧಕ್ಕೆ ಹೊರಟ ಇಸ್ರಾಯೇಲ್ ನಾಯಕ ಗಿದ್ಯೋನನ ಬಳಿ 32,000 ಮಂದಿ ಇದ್ದರು. ‘ನಮ್ಮ ಕೈಯೇ ನಮ್ಮನ್ನು ಉಳಿಸಿತು’ ಎಂದು ಜನ ಹೇಳಿಕೊಂಡಾರೆಂದು ದೇವರು ಆ ಪಡೆಯನ್ನು 300ಕ್ಕೆ ಇಳಿಸಿದ ಕತೆ ಬೈಬಲಿನ ‘ನ್ಯಾಯಸ್ಥಾಪಕರು’ ಗ್ರಂಥದಲ್ಲಿದೆ.

ಹಾಗಾದರೆ ಮನುಷ್ಯನ ಶಕ್ತಿ ಸುಳ್ಳೇ? ನನ್ನ ಮಟ್ಟಿಗೆ ಈ ಪದದ ಜೀವ ಇರುವುದೇ ಈ ಪ್ರಶ್ನೆಯಲ್ಲಿ. ಮುಂದಿನ ವಚನ ಹೀಗಿದೆ: ‘ನಿನ್ನ ದೇವರನ್ನು ನೆನಪಿಡು, ಸಂಪತ್ತು ಗಳಿಸುವ ಶಕ್ತಿಯನ್ನು ನಿನಗೆ ಕೊಡುವವನು ಅವನೇ.’ 14ನೇ ಶತಮಾನದಲ್ಲಿ ಸ್ಪೇನಿನ ಗಿರೋನಾದ ರಬ್ಬಿ (ಯೆಹೂದಿ ಧರ್ಮಗುರು) ನಿಸ್ಸೀಮ್ ಇಲ್ಲಿ ಬೆರಳಿಟ್ಟು ತೋರಿಸಿದರು: ‘ಸಂಪತ್ತನ್ನು ಕೊಡುವವನು’ ಎಂದಿಲ್ಲ, ‘ಗಳಿಸುವ ಶಕ್ತಿಯನ್ನು ಕೊಡುವವನು’ ಎಂದಿದೆ. ಒಬ್ಬನಿಗೆ ವ್ಯಾಪಾರದ ಚಾತುರ್ಯ, ಇನ್ನೊಬ್ಬನಿಗೆ ಬೇರೆ ಜಾಣ್ಮೆ. ಅವು ಅವರವರಲ್ಲಿ ನಿಜವಾಗಿಯೂ ಇವೆ, ಫಲವನ್ನೂ ಕೊಡುತ್ತವೆ. ಆ ಶಕ್ತಿ ಎಲ್ಲಿಂದ ಬಂತೆಂಬುದನ್ನು ಮರೆಯಬಾರದು, ಅಷ್ಟೆ. ತೋರಾದ ಅರಮೇಯಿಕ್ ಭಾಷೆಯ ಅನುವಾದವಾದ ತರ್ಗೂಮ್ ಓಂಕೆಲೋಸ್ ಇನ್ನೂ ಸೂಕ್ಷ್ಮವಾಗಿ, ‘ಶಕ್ತಿ’ಯ ಜಾಗದಲ್ಲಿ ‘ಆಲೋಚನೆ’ ಎಂಬರ್ಥದ ಪದವನ್ನಿಟ್ಟಿದೆ. ತೋಳಿನ ಬಲವಿರಲಿ, ಹೊಳೆದ ಉಪಾಯವೂ ಅವನಿಂದ ಬಂದದ್ದೇ.

‘ನೆನಪಿಡು’ ಎಂಬುದು ಇಲ್ಲಿ ಮನಸ್ಸಿನ ಭಾವನೆಯಷ್ಟೇ ಅಲ್ಲ, ದಿನನಿತ್ಯದ ಕೆಲಸ. ಅದೇ ಅಧ್ಯಾಯದ 10ನೇ ವಚನ ‘ಉಂಡು ತೃಪ್ತನಾಗಿ ಕೊಂಡಾಡು’ ಎನ್ನುವುದರಿಂದ ರೊಟ್ಟಿಯೂಟ ಮುಗಿದ ಮೇಲೆ ಬಿರ್ಕತ್ ಹಮಾಝೋನ್ ಎಂಬ ದೀರ್ಘ ಸ್ತುತಿಯನ್ನು ಹೇಳುತ್ತಾರೆ. ಹೊಟ್ಟೆ ತುಂಬುವವರೆಗೆ ಕಾಯದೆ, ಆಲಿವ್ ಕಾಯಿಯಷ್ಟು ರೊಟ್ಟಿ ತಿಂದರೂ ಹೇಳಬೇಕೆಂಬ ಕಟ್ಟುನಿಟ್ಟನ್ನು ಪಂಡಿತರು ತಾವಾಗಿಯೇ ಹಾಕಿಕೊಂಡರು. ಊಟಕ್ಕೆ ಮೊದಲಿನ ಸ್ತುತಿಯಂತೂ ದೇವರನ್ನು ‘ಭೂಮಿಯಿಂದ ರೊಟ್ಟಿಯನ್ನು ಹೊರತರುವವನು’ ಎನ್ನುತ್ತದೆ. ಭೂಮಿಯಿಂದ ಬರುವುದು ಗೋದಿ. ಕುಯ್ದು, ಬಡಿದು, ಬೀಸಿ, ನಾದಿ, ಸುಟ್ಟು ರೊಟ್ಟಿ ಮಾಡಿದ್ದು ಮನುಷ್ಯನ ಕೈ. ಆ ಕೈಗೆಲಸವನ್ನು ಎದುರಿಗಿಟ್ಟುಕೊಂಡೇ ಸ್ತುತಿ ಹೇಳುತ್ತಾರೆ.

ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾಗುವವರೆಗೆ ಇದಕ್ಕೊಂದು ಹಬ್ಬದ ರೂಪವೂ ಇತ್ತು: ಬಿಕ್ಕೂರೀಮ್, ಮೊದಲ ಫಲ. ಯೆಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಅದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ರೈತ ತೋಟಕ್ಕಿಳಿಯುತ್ತಾನೆ. ಮೊದಲು ಮಾಗತೊಡಗಿದ ಅಂಜೂರ ಕಾಣುತ್ತದೆ. ತಾನೇ ಸಾಕಿದ ಗಿಡ, ಮೊದಲ ಹಣ್ಣು. ಕಿತ್ತು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಜೊಂಡಿನ ನಾರನ್ನು ಅದಕ್ಕೆ ಕಟ್ಟಿ ‘ಇದು ಬಿಕ್ಕೂರೀಮ್’ ಎನ್ನುತ್ತಾನೆ. ಮುಂದೆ ಮೆರವಣಿಗೆ, ಕೊಳಲು, ಯೆರೂಸಲೇಮ್. ಸಿರಿವಂತರದು ಬೆಳ್ಳಿಬಂಗಾರದ ಬುಟ್ಟಿ, ಬಡವರದು ಸಿಪ್ಪೆ ಸುಲಿದ ಕಡ್ಡಿಯ ಬುಟ್ಟಿ. ದೇವಾಲಯದ ಬೆಟ್ಟ ತಲುಪಿದ ಮೇಲೆ ಯೂದಾಯದ ಅಗ್ರಿಪ್ಪ ರಾಜನೂ ಬುಟ್ಟಿಯನ್ನು ತನ್ನ ಹೆಗಲಿಗೇರಿಸಿ ಒಳಗಿನ ಅಂಗಳದವರೆಗೆ ನಡೆಯುತ್ತಿದ್ದನಂತೆ. ಅಲ್ಲಿ ಬುಟ್ಟಿ ಹೊತ್ತವನು ತನ್ನ ದುಡಿಮೆಯ ಕತೆ ಹೇಳುವುದಿಲ್ಲ; ಅಲೆಮಾರಿಯಾಗಿದ್ದ ಪೂರ್ವಜನ, ಐಗುಪ್ತದ (ಈಜಿಪ್ಟಿನ) ಜೀತದ, ಅಲ್ಲಿಂದಾದ ಬಿಡುಗಡೆಯ ಕತೆ ಹೇಳಿ, ಬುಟ್ಟಿಯನ್ನು ಬಲಿಪೀಠದ ಪಕ್ಕದಲ್ಲಿಟ್ಟು, ಬಾಗಿ ನಮಿಸಿ, ಬರಿಗೈಯಲ್ಲಿ ಹೊರಬರುತ್ತಾನೆ.