ಲೋಟದ ಸದ್ದನ್ನು ಯಾಕೆ ತೆಗೆಯಲಿಲ್ಲ?

ಪ್ರಶ್ನೆ: ಜಾಝ್ ಪಿಯಾನೊ ವಾದಕ ಬಿಲ್ ಎವನ್ಸ್ ಅವರ ಮೂವರ ತಂಡದ (ಟ್ರಯೋ) ‘ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’ ಕೇಳಲೇಬೇಕಾದ ಲೈವ್ ಆಲ್ಬಮ್ ಅಂತಾರೆ. ಹೆಡ್‌ಫೋನ್ ಹಾಕಿಕೊಂಡರೆ ಜನರ ಮಾತು, ನಗು, ಲೋಟ ಟಣ್ ಅನ್ನುವುದು ಎಲ್ಲಾ ಕೇಳಿಸುತ್ತೆ. ಅದನ್ನು ತೆಗೆಯಬಹುದಿತ್ತಲ್ವಾ?

ಉತ್ತರ: ಆಗ ಅದು ಸಾಧ್ಯವೇ ಇರಲಿಲ್ಲ. 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ನೆಲಮಾಳಿಗೆ ಕ್ಲಬ್. ಜಾಗ ಚಿಕ್ಕದು, ಟೇಬಲ್‌ಗಳು ವೇದಿಕೆಗೆ ಅಂಟಿಕೊಂಡಂತೆಯೇ ಇರುತ್ತವೆ, ಜನ ಕುಡಿಯುತ್ತಾ ಹರಟುತ್ತಾ ಕೂತಿರುತ್ತಾರೆ. ರೆಕಾರ್ಡ್ ಆಗಿದ್ದು ಎರಡೇ ಟ್ರ್ಯಾಕಿನ ಟೇಪಿನಲ್ಲಿ, ಅಂದರೆ ಒಂದೊಂದು ವಾದ್ಯಕ್ಕೆ ಬೇರೆ ಬೇರೆ ಪಟ್ಟಿ ಇರಲಿಲ್ಲ. ಪಿಯಾನೊ, ಬೇಸ್ (ಕೆಳಸ್ಥಾಯಿಯ ದೊಡ್ಡ ತಂತಿವಾದ್ಯ), ಡ್ರಮ್ಸ್, ಜೊತೆಗೆ ಪಕ್ಕದ ಟೇಬಲ್ಲಿನ ನಗು, ಎಲ್ಲಾ ಅಲ್ಲೇ ಕಲಸಿಹೋಯಿತು. ಹಾಲಿಗೆ ಬಿದ್ದ ಸಕ್ಕರೆ ಥರ. ಈಗಿನ ಸಾಫ್ಟ್‌ವೇರ್ ಒಂದಷ್ಟು ಬಿಡಿಸಬಹುದು, ಆದರೆ ಡ್ರಮ್ಸ್‌ನ ಪಾಲ್ ಮೋಶಿಯನ್ ಬ್ರಷ್‌ನಿಂದ ಸಿಂಬಲ್ ಸವರುವ ಸದ್ದೂ ಲೋಟದ ಸದ್ದೂ ಎರಡೂ ಮೇಲಿನ ಸ್ಥಾಯಿಯವೇ, ಒಂದನ್ನು ಉಜ್ಜಿ ತೆಗೆಯಲು ಹೋದರೆ ಇನ್ನೊಂದೂ ಸವೆಯುತ್ತೆ.

ಕರೆಂಟೂ ಕೈಕೊಟ್ಟಿತ್ತು. ಮೊದಲ ಹಾಡು ‘ಗ್ಲೋರಿಯಾಸ್ ಸ್ಟೆಪ್’ ಮಧ್ಯದಲ್ಲಿ ರೆಕಾರ್ಡಿಂಗ್ ಕಡಿದುಹೋಗಿದೆ. 2005ರಲ್ಲಿ ಆ ದಿನ ಮಧ್ಯೆ ಮಧ್ಯೆ ಬಿಡುವು ಕೊಟ್ಟು ನುಡಿಸಿದ ಐದೂ ಸೆಟ್‌ಗಳನ್ನು ಒಟ್ಟಿಗೆ ಹೊರತಂದಾಗ ಆ ಅರ್ಧಂಬರ್ಧ ತುಣುಕನ್ನೂ ಹಾಗೇ ಬಿಟ್ಟರು. ಒಳ್ಳೇದಾಯಿತು.

ನನ್ನ ಪ್ರಕಾರ ನಿಮ್ಮ ಕಿವಿ ಹೋಗಬೇಕಾದ್ದು ಬೇಸ್ ಕಡೆಗೆ. ನುಡಿಸಿದವನು ಸ್ಕಾಟ್ ಲಫಾರೋ. ಕಚೇರಿ ಕೇಳಿ ಬೆಳೆದ ನಮಗೆ ಬೇಸ್ ಅಂದರೆ ಪಕ್ಕವಾದ್ಯ ಅನ್ನಿಸುತ್ತೆ, ಜಾಸ್ತಿ ಜಾಝ್ ತಂಡಗಳಲ್ಲಿ ಆಗ ಅದು ಹಾಗೇ ಇತ್ತು, ಸುಮ್ನೆ ನಾಲ್ಕು ಎಣಿಕೆ ಹಿಡಿದು ನಡೆಯುವ ಕೆಲಸ. ಈತ ಹಾಗೆ ನಡೆಯಲ್ಲ. ಎವನ್ಸ್ ಒಂದು ಮಾತು ಎತ್ತಿದರೆ ಇವನು ಅದರ ಮೇಲೇ ಇನ್ನೊಂದು ಮಾತು ಹಾಕುತ್ತಾನೆ, ಕೆಲವೊಮ್ಮೆ ತಾಳ ಯಾರ ಕೈಯಲ್ಲಿದೆ ಅಂತಲೇ ಗೊತ್ತಾಗದಷ್ಟು ಮೂವರೂ ಸೇರಿ ಹರಟುತ್ತಾರೆ.

ಹನ್ನೊಂದು ದಿನಗಳ ನಂತರ, ಜುಲೈ 6ರಂದು, ಲಫಾರೋ ಕಾರ್ ಅಪಘಾತದಲ್ಲಿ ಹೋಗಿಬಿಟ್ಟ. ಬರೀ 25 ವರ್ಷ. ಎವನ್ಸ್ ಎಷ್ಟೋ ತಿಂಗಳು ವೇದಿಕೆ ಹತ್ತಲಿಲ್ಲ. ಆಮೇಲೆ ಆಲ್ಬಮ್ಮಿಗೆ ಹಾಡು ಆರಿಸುವಾಗ ಅವರೂ ನಿರ್ಮಾಪಕ ಆರಿನ್ ಕೀಪ್‌ನ್ಯೂಸೂ ಲಫಾರೋ ಚೆನ್ನಾಗಿ ಕೇಳಿಸುವುದನ್ನೇ ಹುಡುಕಿದರು. ಅದಕ್ಕೇ ‘ಸಂಡೇ’ ಶುರುವಾಗುವುದೂ ಮುಗಿಯುವುದೂ ಅವನೇ ಕಟ್ಟಿದ ಹಾಡುಗಳಿಂದ: ‘ಗ್ಲೋರಿಯಾಸ್ ಸ್ಟೆಪ್’, ‘ಜೇಡ್ ವಿಷನ್ಸ್’. ಮರುವರ್ಷ ಅದೇ ದಿನದ ಟೇಪಿನಿಂದ ‘ವಾಲ್ಟ್ಜ್ ಫಾರ್ ಡೆಬಿ’ ಬಂತು. ಡೆಬಿ ಎವನ್ಸ್ ಅವರ ಅಣ್ಣನ ಮಗಳು.

ಇಷ್ಟು ತಿಳಿದ ಮೇಲೆ ನನಗಂತೂ ಆ ಗದ್ದಲ ಕಿರಿಕಿರಿ ಅನ್ನಿಸುವುದು ನಿಂತುಹೋಯಿತು. ಅಲ್ಲಿ ಹರಟುತ್ತಾ ಕೂತವರಿಗೆ ಅದೊಂದು ಮಾಮೂಲಿ ಭಾನುವಾರ, ಅಷ್ಟೇ.

ಹೊಸಬರಾದರೆ ಮೊದಲು ‘ವಾಲ್ಟ್ಜ್ ಫಾರ್ ಡೆಬಿ’ಯ ‘ಮೈ ಫೂಲಿಶ್ ಹಾರ್ಟ್’ ಕೇಳಿ, ನಿಧಾನದ್ದು, ಹಿಡಿಯುವುದು ಸುಲಭ. ಆಮೇಲೆ ‘ಸಂಡೇ’ಗೆ ಬನ್ನಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಬೇಡ. ಬೇಸ್ ಪೂರ್ತಿ ಮಾಯವಾಗಿ ಲೋಟಗಳಷ್ಟೇ ಉಳಿಯುತ್ತವೆ.