ಟಿಬಿ ಮರಳಿ ಬರುವುದನ್ನು ರಕ್ತ ಮೊದಲೇ ಹೇಳೀತೇ?

ಟಿಬಿಗೆ ಆರು ತಿಂಗಳು ಮಾತ್ರೆ ನುಂಗಿ ಮುಗಿಸುವುದು ಸಣ್ಣ ಕೆಲಸವಲ್ಲ. ಕಫ ಪರೀಕ್ಷೆಯಲ್ಲಿ ರೋಗಾಣು ಇಲ್ಲ ಎಂದು ಬರುತ್ತದೆ, ವಾಸಿಯಾಯಿತು ಅಂತ ಬರೆದೂ ಕೊಡುತ್ತಾರೆ. ಆದರೂ ಕೆಲವರಿಗೆ ಒಂದೆರಡು ವರ್ಷದಲ್ಲಿ ಕೆಮ್ಮು, ಸಂಜೆ ಜ್ವರ ಮತ್ತೆ ಶುರು. ಎಚ್‌ಐವಿ ಇರುವವರಲ್ಲಿ ಹೀಗಾಗುವುದು ಜಾಸ್ತಿ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡರೆ ಅಪಾಯ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಬಂದದ್ದು ಹಳೇ ಟಿಬಿಯೋ, ಹೊಸದೋ? ಎಕ್ಸ್‌ರೇ ನೋಡಿ ಹೇಳಲು ಆಗದು. ರೋಗಾಣುವಿನ ಡಿಎನ್‌ಎ ನೋಡಬೇಕು. ಅದರಲ್ಲಿ ಒಂದು ಪುಟ್ಟ ತುಣುಕು ಅಲ್ಲಲ್ಲಿ ಮತ್ತೆ ಮತ್ತೆ ಕೂತಿರುತ್ತದೆ. ಎಷ್ಟು ಕಡೆ, ಎಲ್ಲೆಲ್ಲಿ ಅನ್ನುವುದು ಒಂದೊಂದು ತಳಿಗೆ ಒಂದೊಂದು ಥರ. ಡಿಎನ್‌ಎ ಕತ್ತರಿಸಿ ಜೆಲ್‌ನಲ್ಲಿ ಹರಿಸಿದರೆ ಪಟ್ಟೆಗಳ ಸಾಲು ಸಿಗುತ್ತದೆ. ಮೊದಲ ಸಲದ ಪಟ್ಟೆ, ಎರಡನೇ ಸಲದ ಪಟ್ಟೆ ಅಕ್ಕಪಕ್ಕ ಇಟ್ಟು ನೋಡುವುದು. ಹೊಂದಿದರೆ ಹಳೆಯದೇ ಎದ್ದಿದೆ, ಹೊಂದದಿದ್ದರೆ ಹೊರಗಿನಿಂದ ಹೊಸದಾಗಿ ಹತ್ತಿದೆ. (ದಕ್ಷಿಣ ಭಾರತದ ಎಷ್ಟೋ ತಳಿಗಳಲ್ಲಿ ಈ ತುಣುಕು ಇರುವುದೇ ಒಂದು ಕಡೆ. ಹಾಗಾಗಿ ನಮ್ಮಲ್ಲಿ ಬೇರೆ ಗುರುತುಗಳನ್ನೂ ಹುಡುಕಬೇಕಾಗುತ್ತದೆ.)

ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರದವರು ಇದನ್ನೇ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಚ್‌ಐವಿ ಇಲ್ಲದವರಲ್ಲಿ ಮರಳಿ ಬಂದ ಟಿಬಿಯ ಶೇ. 91ರಷ್ಟು ಹಳೇ ರೋಗಾಣುವಿನದೇ. ಎಚ್‌ಐವಿ ಇರುವವರಲ್ಲಿ ಪೂರಾ ಉಲ್ಟಾ: ಶೇ. 88ರಷ್ಟು ಹೊಸ ಸೋಂಕು. ಅಂದರೆ ಚಿಕಿತ್ಸೆ ಸರಿಯಾಗಿಯೇ ಆಗಿತ್ತು, ರೋಗಿ ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಬೈಯುವಂತಿಲ್ಲ.

ಇಲ್ಲೇ ತಮಾಷೆಯ ಪ್ರಶ್ನೆ ಹುಟ್ಟುವುದು. ರೋಗಾಣು ಇನ್ನೂ ದೇಹಕ್ಕೇ ಬಂದಿಲ್ಲ ಅಂದಮೇಲೆ, ರಕ್ತ ಮುಂಚಿತವಾಗಿ ಏನು ತಾನೇ ಹೇಳೀತು?

ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಕಾಪ್ರಿಸಾ ಎಂಬ ಸಂಸ್ಥೆಯಿದೆ. ಟಿಬಿಯಿಂದ ಗುಣವಾಗಿ ಎಆರ್‌ಟಿಯಲ್ಲಿದ್ದವರನ್ನು ಅಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ, ರಕ್ತ ತೆಗೆದಿಟ್ಟುಕೊಂಡಿದ್ದರು. ಆಮೇಲೆ ಯಾರಿಗೆ ಟಿಬಿ ಮರಳಿತು, ಯಾರಿಗೆ ಇಲ್ಲ ಎಂದು ನೋಡಿ, ಹಳೇ ಮಾದರಿಗಳನ್ನು ಹೋಲಿಸಿದರು. 2017ರಲ್ಲಿ ಬಂದ ಆ ವರದಿಯ ಪ್ರಕಾರ, ಐಎಲ್-6, ಐಪಿ-10, ಟಿಎನ್‌ಎಫ್-ಆಲ್ಫಾದಂಥ ಸೈಟೊಕೈನ್‌ಗಳು ಜಾಸ್ತಿ ಇದ್ದವರಿಗೆ ಅಪಾಯವೂ ಜಾಸ್ತಿ. ಇಂಟರ್‌ಫೆರಾನ್-ಬೀಟಾ ಜಾಸ್ತಿ ಇದ್ದವರಿಗೆ ಮಾತ್ರ ಕಡಿಮೆ.

ಸೈಟೊಕೈನ್ ಅಂದರೆ ರೋಗನಿರೋಧಕ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪುಟ್ಟ ಪ್ರೋಟೀನು. ಐಪಿ-10 ಟಿ-ಕೋಶಗಳನ್ನು (ರೋಗಾಣುವಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು) ಸೋಂಕಿನ ಜಾಗಕ್ಕೆ ಕರೆಯುತ್ತದೆ. ಐಎಲ್-6 ಯಕೃತ್ತಿಗೆ ಸಿಆರ್‌ಪಿ ಎಂಬ, ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನು ತಯಾರಿಸಲು ಹೇಳುತ್ತದೆ. ಎಚ್‌ಐವಿ ವೈರಸ್ಸು ಹತೋಟಿಗೆ ಬಂದು, ಅದು ನಾಶಮಾಡುವ ಸಿಡಿ4 ಎಂಬ ಟಿ-ಕೋಶಗಳ ಲೆಕ್ಕ ಏರಿದ ಮೇಲೂ ಎಷ್ಟೋ ಜನರಲ್ಲಿ ಈ ಓಡಾಟ ನಿಲ್ಲುವುದಿಲ್ಲ. ಉರಿಯೂತ ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಇರುತ್ತದೆ. ಹಾಗಾಗಿ ರಕ್ತದಲ್ಲಿ ಕಾಣುವುದು ಅಡಗಿದ ರೋಗಾಣುವಿನ ಸುಳಿವೇ ಆಗಬೇಕಿಲ್ಲ. ನಾಳೆ ಬರುವ ರೋಗಾಣುವನ್ನು ತಡೆಯಲಾರದಷ್ಟು ದಣಿದ ದೇಹದ ಲಕ್ಷಣವೂ ಅದಾಗಿರಬಹುದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಎರಡನೇ ವಿವರಣೆ.

ಟಿಎನ್‌ಎಫ್ ಹೆಸರು ಕಂಡು ಅದನ್ನೇ ಶತ್ರು ಅಂದುಕೊಳ್ಳಬೇಡಿ. ಟಿಬಿ ರೋಗಾಣುಗಳನ್ನು ಶ್ವಾಸಕೋಶದಲ್ಲಿ ಗಂಟಿನೊಳಗೆ ಕಟ್ಟಿಹಾಕಲು ಅದು ಬೇಕೇ ಬೇಕು. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಔಷಧ ಕೊಡುವ ಮೊದಲು ಡಾಕ್ಟರು ಟಿಬಿ ಪರೀಕ್ಷೆ ಮಾಡಿಸುವುದು ಸುಮ್ನೆ ಅಲ್ಲ. ರಕ್ತದಲ್ಲಿ ಅದು ಹೆಚ್ಚಿರುವುದು ಒಂದು ಸೂಚನೆ, ಅದೇ ಕಾರಣ ಅಂತಲ್ಲ.

ಇನ್ನೊಂದು ತೊಡಕಿದೆ. ಫ್ಲೂ ಬಂದರೂ, ಗಾಯವಾದರೂ ಐಎಲ್-6 ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಚ್‌ಐವಿ ಇರುವವರ ಟಿಬಿ ತಪಾಸಣೆಗೆ ಸಿಆರ್‌ಪಿ ಬಳಸಬಹುದು ಎಂದಿತು, ಲೀಟರಿಗೆ 5 ಮಿಲಿಗ್ರಾಂ ಮೀರಿದರೆ ಮುಂದಿನ ಪರೀಕ್ಷೆ. ಆದರೆ ಅದು ಈಗ ಇರುವ ಟಿಬಿ ಹಿಡಿಯಲು, ಮುಂದೆ ಬರುವುದನ್ನು ಹೇಳಲು ಅಲ್ಲ.

ಸರಿ, ಮೊದಲೇ ಗೊತ್ತಾಯಿತು ಅಂತಲೇ ಇಟ್ಟುಕೊಳ್ಳೋಣ, ಆಮೇಲೆ ಏನು ಮಾಡುವುದು? ಎಚ್‌ಐವಿ ಇಲ್ಲದ ವಯಸ್ಕರ ಮೇಲೆ ದಕ್ಷಿಣ ಆಫ್ರಿಕಾದಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ರಕ್ತದಲ್ಲಿ 11 ಜೀನ್‌ಗಳ ಚಟುವಟಿಕೆ ನೋಡಿ, ಅಪಾಯದಲ್ಲಿದ್ದವರನ್ನು ಆರಿಸಿ, ಕೆಲವರಿಗೆ ಮೂರು ತಿಂಗಳು ವಾರಕ್ಕೊಮ್ಮೆ ತಡೆ ಮಾತ್ರೆ ಕೊಟ್ಟರು. 2021ರಲ್ಲಿ ಫಲಿತಾಂಶ ಬಂತು. ಯಾರಿಗೆ ಟಿಬಿ ಬರುವ ಸಾಧ್ಯತೆ ಹೆಚ್ಚು ಅಂತ ಪರೀಕ್ಷೆ ಹೇಳಿತ್ತು, ಮಾತ್ರೆಯಿಂದ ಮಾತ್ರ ಅವರಲ್ಲಿ ಟಿಬಿ ಕಡಿಮೆಯಾಗಲಿಲ್ಲ.