ಬಲಮುರಿ ಶಂಖ ಕೊಳ್ಳುವ ಮುಂಚೆ ಬಾಯೊಳಗೆ ಬೆರಳು ಹಾಕಿ ನೋಡಿ

ಮಕ್ಕಳನ್ನು ಮ್ಯೂಸಿಯಂಗೆ ಕರ್ಕೊಂಡು ಹೋಗುದು ಅಂದ್ರೆ ಎಷ್ಟೋ ಕಡೆ ಈಗ್ಲೂ ಎರಡು ಸಾಲು ಮಾಡಿ ಗಾಜಿನ ಪೆಟ್ಟಿಗೆಗಳ ಮುಂದೆ ನಡೆಸುದು ಅಷ್ಟೇ. ಒಳಗೆ ಫಾರ್ಮಲಿನ್‌ನಲ್ಲಿ ಬಿಳಿಚಿಕೊಂಡ ಮೀನು, ಕೆಳಗೊಂದು ಲ್ಯಾಟಿನ್ ಹೆಸರು, ಪಕ್ಕದಲ್ಲಿ 'ಮುಟ್ಟಬಾರದು' ಬೋರ್ಡು, ಅರ್ಧ ಗಂಟೆಯಲ್ಲಿ ಎಲ್ಲ ಮುಗ್ದು ಐಸ್‌ಕ್ರೀಮ್ ಅಂಗಡಿ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಬೀಚು ಇಷ್ಟು ಹತ್ತಿರ ಇದ್ದೂ ನಮ್ಮ ಮಂಗಳೂರಿನ ಮಕ್ಕಳಿಗೆ ಕಡಲ ಜೀವಿ ಅಂದ್ರೆ ಡಾಲ್ಫಿನ್ನು, ಶಾರ್ಕು, ಅದೂ ಟಿವಿಯಲ್ಲಿ ನೋಡಿದ್ದು.

ನನ್ನ ಕೈಲಿ ಕೊಟ್ರೆ ನಾನು ಒಂದು ಟ್ರೇ ತುಂಬ ಖಾಲಿ ಶಂಖ ಇಡ್ತೇನೆ. ಉದ್ದ, ಗಿಡ್ಡ, ಮುರಿದದ್ದು, ಬಣ್ಣ ಹೋದದ್ದು, ಎಂತದ್ದಾದ್ರೂ ಆಗ್ತದೆ, ಮುರಿದದ್ದು ಇದ್ರೆ ಇನ್ನೂ ಒಳ್ಳೇದು ಯಾಕಂದ್ರೆ ಒಳಗಿನ ನಡುಗಂಬ ಕಾಣ್ತದೆ. ಒಂದೇ ಪ್ರಶ್ನೆ ಕೇಳುದು: ಸುತ್ತು ಶುರುವಾಗುವ ಚೂಪು ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ತಿರುಗಿಸಿ ಹಿಡ್ಕೊಳ್ಳಿ, ಬಾಯಿ ಯಾವ ಕೈ ಕಡೆ ಉಂಟು? ಬಲ, ಬಲ, ಬಲ, ಬಲ. ಹತ್ತು ಮಕ್ಕಳು ಹತ್ತು ಬೇರೆ ಬೇರೆ ಜಾತಿ ಹಿಡ್ಕೊಂಡ್ರೂ ಉತ್ತರ ಹೆಚ್ಚುಕಮ್ಮಿ ಅದೇ ಬರ್ತದೆ. ಒಬ್ಬ ತಪ್ಪದೆ ಶಂಖ ಉಲ್ಟಾ ಹಿಡ್ಕೊಂಡು ಎಡ ಅಂತ ಕಿರುಚ್ತಾನೆ, ಅವನನ್ನು ಉಳಿದವರೇ ತಿದ್ದುತ್ತಾರೆ. ಜಗತ್ತಿನ ಶಂಖ, ಬಸವನಹುಳಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜಾತಿ ಬಲಬಾಯಿಯವೇ.

ಈಗ ಬಲಮುರಿ ಶಂಖಕ್ಕೆ ಬರುವ. ಪೂಜೆಯ ಲೆಕ್ಕದಲ್ಲಿ ಶಂಖದ ಬಾಲದ ಕಡೆ, ಅಂದ್ರೆ ಬಾಯಿ ಸಪೂರ ಆಗಿ ಮುಗಿಯುವ ಕಡೆ, ಮೇಲೆ, ಚೂಪು ತುದಿ ಕೆಳಗೆ, ಅಂದ್ರೆ ಆ ಹುಡುಗ ಉಲ್ಟಾ ಹಿಡಿದ ಹಾಗೆ. ಹಾಗಾಗಿ ಸಾಮಾನ್ಯ ಶಂಖ ಅಲ್ಲಿ ಎಡಮುರಿ ಆಗ್ತದೆ, ಬಲಮುರಿ ಅಂತ ಕರೆಯುದು ಜೀವಶಾಸ್ತ್ರದ ಲೆಕ್ಕದಲ್ಲಿ ಎಡಬಾಯಿಯದ್ದನ್ನು. ಅದು ನಿಜವಾಗ್ಲೂ ತೀರಾ ಅಪರೂಪ. ಅಪರೂಪ ಅಂದ ಕೂಡ್ಲೇ ಲಕ್ಷ್ಮಿ ಬರ್ತಾಳೆ, ಸಾಲ ತೀರ್ತದೆ, ಕೋರ್ಟ್ ಕೇಸು ಗೆಲ್ತದೆ ಅಂತ ಆನ್‌ಲೈನಲ್ಲಿ ಮಾರಾಟ ಶುರು. ಪೂಜೆ ಮಾಡುವವರ ಮೇಲೆ ನಂಗೆ ತಕರಾರಿಲ್ಲ, ಮಾರುವವರ ಮೇಲೆ ಉಂಟು, ಯಾಕಂದ್ರೆ ಹೀಗೆ ಮಾರುವ ಬಹಳಷ್ಟು 'ಬಲಮುರಿ' ನಮ್ಮ ಶಂಖದ ಜಾತಿಯೇ ಅಲ್ಲ. ಅಮೆರಿಕದ ತೀರದಲ್ಲಿ, ಮೆಕ್ಸಿಕೋ ಕೊಲ್ಲಿಯ ಕಡೆ ಲೈಟ್ನಿಂಗ್ ವೆಲ್ಕ್ ಅಂತ ಒಂದು ಜಾತಿ ಉಂಟು, ಅದು ಹುಟ್ಟಾ ಎಡಬಾಯಿಯದ್ದು. ಅಲ್ಲಿ ಅದೆಂತ ಅಪರೂಪ ಅಲ್ಲ ಮಾರ್ರೆ, ಟೆಕ್ಸಾಸ್‌ನವರು 1987ರಲ್ಲಿ ಅದನ್ನು ತಮ್ಮ ರಾಜ್ಯದ ಚಿಪ್ಪು ಅಂತ ಘೋಷಿಸಿಕೊಂಡಿದ್ದಾರೆ.

ಪತ್ತೆ ಮಾಡುದು ಮಕ್ಕಳಿಗೂ ಬರ್ತದೆ. ಬಾಯೊಳಗೆ ತೋರುಬೆರಳು ಹಾಕಿ ನಡುಗಂಬ ಸವರಿ ನೋಡಿ. ನಮ್ಮ ಶಂಖದಲ್ಲಿ, ಅಂದ್ರೆ ಟರ್ಬಿನೆಲ್ಲಾ ಪೈರಮ್‌ನಲ್ಲಿ, ಮೂರು ನಾಲ್ಕು ದಪ್ಪ ಏಣು ಬೆರಳಿಗೆ ಸಾಲಾಗಿ ಸಿಗ್ತದೆ, ವೆಲ್ಕ್‌ನಲ್ಲಿ ಆ ಸಾಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇಟ್ರೆ ಇದನ್ನು ಯಾವ ಮಗು ಕಲೀತದೆ ಹೇಳಿ. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಕಾಲಕ್ಕೆ ಜೇಮ್ಸ್ ಹಾರ್ನೆಲ್ ಅಂತ ಅಲ್ಲಿನ ಮೀನುಗಾರಿಕೆ ಅಧಿಕಾರಿ ಈ ಶಂಖ ಒಂದರ ಬಗ್ಗೆಯೇ 1914ರಲ್ಲಿ ಇಡೀ ಪುಸ್ತಕ ಬರೆದಿದ್ದ. ನಾವು ನೂರು ವರ್ಷ ಆದ ಮೇಲೂ ವಾಟ್ಸಾಪ್ ಫಾರ್ವರ್ಡ್ ನಂಬ್ತೇವೆ.

ಸರಿ, ಎಡ ಬಲ ತೀರ್ಮಾನ ಮಾಡುದು ಯಾರು? ನಂಗೆ ಹುಚ್ಚು ಹಿಡಿಸಿದ ವಿಷಯ ಇದೇ. ನಮ್ಮ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಮ್ಯೂಸಿಯಂ ಶುರುವಾದ 1913ರಲ್ಲೇ ಅಮೆರಿಕದಲ್ಲಿ ಆಲ್‌ಫ್ರೆಡ್ ಸ್ಟರ್ಟೆವಾಂಟ್ ಅಂತ ಒಬ್ಬ ಸ್ಟೂಡೆಂಟ್ ಜೀನುಗಳ, ಅಂದ್ರೆ ವಂಶವಾಹಿಗಳ, ಮೊದಲ ನಕ್ಷೆ ಪ್ರಕಟಿಸಿದ, ಅವನದ್ದು ಹಣ್ಣಿನ ನೊಣದ ಲ್ಯಾಬು. ಹತ್ತು ವರ್ಷ ಬಿಟ್ಟು, 1923ರಲ್ಲಿ, ಇಂಗ್ಲೆಂಡಿನ ಬಾಯ್‌ಕಾಟ್ ಮತ್ತು ಡೈವರ್ ಕೆರೆಯ ಬಸವನಹುಳ ಸಾಕಿ ಬರೆದಿಟ್ಟ ಗೊಂದಲದ ಲೆಕ್ಕ ಅವನ ಕಣ್ಣಿಗೆ ಬಿತ್ತು. ಅಪ್ಪ ಅಮ್ಮ ಒಂದು ಥರ, ಮರಿಗಳೆಲ್ಲ ಇನ್ನೊಂದು ಥರ, ಎಂತ ಲೆಕ್ಕಕ್ಕೂ ಕೂರುದಿಲ್ಲ. ಸ್ಟರ್ಟೆವಾಂಟ್ ಹೇಳಿದ್ದು ಇಷ್ಟೇ: ಮರಿಯ ಜೀನು ನೋಡ್ಬೇಡಿ, ತಾಯಿಯ ಜೀನು ನೋಡಿ. ಮರಿಯ ಒಳಗೆ ಬಲದ ಜೀನು ಇದ್ರೂ ತಾಯಿಯಲ್ಲಿ ಅದು ಇಲ್ಲದಿದ್ರೆ ಮರಿ ಎಡಕ್ಕೇ ಸುತ್ತುತ್ತದೆ, ಆ ಬಲದ ಜೀನು ಕೆಲಸ ಮಾಡುದು ಮುಂದಿನ ತಲೆಮಾರಿನಲ್ಲಿ, ಅದರ ಮರಿಗಳಲ್ಲಿ. ಯಾಕಂದ್ರೆ ಮೊಟ್ಟೆಯೊಳಗಿನ ಸಾಮಾನೆಲ್ಲ ತುಂಬಿಸಿ ಕಳಿಸುದು ತಾಯಿ, ಮರಿಯ ಸ್ವಂತ ಜೀನು ಏಳುವ ಮುಂಚೆಯೇ ನಿರ್ಧಾರ ಆಗಿ ಹೋಗಿರ್ತದೆ.

ಯಾವಾಗ ಅಂದ್ರೆ ನಾಲ್ಕು ಕೋಶ ಎಂಟು ಆಗುವಾಗ. ಮೇಲೆ ಬರುವ ನಾಲ್ಕು ಚಿಕ್ಕ ಕೋಶ ಕೆಳಗಿನ ನಾಲ್ಕರ ನೆತ್ತಿ ಮೇಲೆ ಸರಿಯಾಗಿ ಕೂರುದಿಲ್ಲ, ಸ್ವಲ್ಪ ತಿರುಗಿ ಸಂದಿಯಲ್ಲಿ ಕೂರ್ತದೆ, ಬಲಕ್ಕೆ ತಿರುಗಿದ್ರೆ ಬಲ, ಎಡಕ್ಕೆ ತಿರುಗಿದ್ರೆ ಎಡ. ಹಳೇ ಮನೆಗಳಲ್ಲಿ ಬೈಹುಲ್ಲಿನ ಹಗ್ಗ ಸುತ್ತಿ ಅಕ್ಕಿ ಮುಡಿ ಕಟ್ಟುದು ನೋಡಿದವರಿಗೆ ಗೊತ್ತು, ಮೊದಲ ಸುತ್ತು ಹೋದ ಕಡೆಗೇ ಉಳಿದ ಸುತ್ತೂ ಹೋಗ್ಬೇಕು, ನಡುವೆ ಮನಸ್ಸು ಬದಲಾಯಿಸ್ಲಿಕ್ಕಿಲ್ಲ. ಮಕ್ಕಳಿಗೆ ಇದನ್ನು ಚಪಾತಿ ಹಿಟ್ಟಿನಲ್ಲಿ ಮಾಡಿಸ್ಬಹುದು, ನಾಲ್ಕು ದೊಡ್ಡ ಉಂಡೆ ಕೆಳಗೆ, ನಾಲ್ಕು ಚಿಕ್ಕದು ಮೇಲೆ, ಮೇಲಿನದ್ದನ್ನು ಬೆರಳಲ್ಲಿ ಸ್ವಲ್ಪ ತಿರುಗಿಸುದು. ತಮಾಷೆ ಅಂದ್ರೆ ಜಪಾನಿನ ರೇಕೋ ಕುರೋಡಾ ಮತ್ತು ಜೊತೆಯವರು ನಿಜವಾದ ಭ್ರೂಣಕ್ಕೆ ಇದನ್ನೇ ಮಾಡಿದ್ರು. ಎಂಟು ಕೋಶ ಆಗುವ ಹೊತ್ತಿಗೆ ಸಣ್ಣ ಗಾಜಿನ ಕಡ್ಡಿಯಲ್ಲಿ ಮೇಲಿನ ಕೋಶಗಳನ್ನು ಇನ್ನೊಂದು ದಿಕ್ಕಿಗೆ ತಳ್ಳಿದ್ರು, ಹುಳ ಉಲ್ಟಾ ಸುತ್ತಿನ ಚಿಪ್ಪು ಹೊತ್ತುಕೊಂಡು ಆರಾಮಾಗಿ ಬೆಳೀತು. 2009ರಲ್ಲಿ ಪ್ರಕಟ ಆಯ್ತು. ಅದರ ಮರಿಗಳು ಮಾತ್ರ ಜೀನು ಹೇಳಿದ ಹಾಗೆ ಮೊದಲಿನ ಸುತ್ತಿಗೇ ಬಂದವು.

ಇಷ್ಟೆಲ್ಲ ಕೇಳಿದ ಮೇಲೆ ಮಕ್ಕಳು ಕೇಳಿಯೇ ಕೇಳ್ತಾರೆ, ಎಡ ಬಲ ಆದ್ರೆ ಹುಳಕ್ಕೆ ಎಂತ ಆಗ್ತದೆ ಅಂತ. ಅದಕ್ಕೆ ಟ್ರೇಯಲ್ಲಿ ಒಂದು ಒಣಗಿದ ಬಾಕ್ಸ್ ಕ್ರಾಬ್ ಇಡ್ಬೇಕು, ಟ್ರಾಲ್ ಬೋಟಿನ ಬಲೆಗೆ ಬೀಳ್ತದೆ, ಗುಂಡಗೆ ಮುಚ್ಚಿಕೊಂಡು ಕೂರುವ ಏಡಿ. ಅದರ ಬಲಗೊಂಬಿನಲ್ಲಿ, ಅಂದ್ರೆ ಬಲಗಡೆಯ ಇಕ್ಕಳದಲ್ಲಿ ಮಾತ್ರ ದೊಡ್ಡದೊಂದು ಹಲ್ಲು ಉಂಟು, ಎಡದ್ದರಲ್ಲಿ ಇಲ್ಲ. ಶಂಖದ ಬಾಯಿಯ ಅಂಚು ಹಿಡಿದು ಸುತ್ತಿನ ಗುಂಟ ಚೂರು ಚೂರೇ ಮುರೀತಾ ಒಳಗಿನ ಮಾಂಸದವರೆಗೆ ಹೋಗ್ಲಿಕ್ಕೆ ಆ ಹಲ್ಲು, ಅದು ಹೊಂದುದು ಬಲಬಾಯಿಯ ಶಂಖಕ್ಕೆ. ಎಡಬಾಯಿಯದ್ದು ಸಿಕ್ಕಿದ್ರೆ ಪರದಾಡ್ತದೆ. 2006ರಲ್ಲಿ ಡೀಟ್ಲ್, ಹೆಂಡ್ರಿಕ್ಸ್ ಅನ್ನುವ ಇಬ್ಬರು ಹಳೇ ಚಿಪ್ಪುಗಳ ಮೇಲೆ ಏಡಿ ಮಾಡಿದ ಗಾಯದ ಗುರುತು ಎಣಿಸಿ ನೋಡಿದ್ರು, ಎಡದವಕ್ಕೆ ಗಾಯ ಕಮ್ಮಿ. ಹಾಗಾದ್ರೆ ಎಲ್ಲ ಎಡ ಯಾಕೆ ಆಗ್ಲಿಲ್ಲ? ಮದುವೆ ಸಮಸ್ಯೆ! ಬಲದವರ ಊರಲ್ಲಿ ಒಂಟಿ ಎಡದವನಿಗೆ ಜೋಡಿ ಕೂಡುದೇ ಕಷ್ಟ, ಎಷ್ಟೋ ಜಾತಿಗಳಲ್ಲಿ ದೇಹ ಒಂದಕ್ಕೊಂದು ಹೊಂದುದಿಲ್ಲ.

ಇದನ್ನು ನಮ್ಮ ಪಿಲಿಕುಳ ನಿಸರ್ಗಧಾಮದಲ್ಲೂ ಮಾಡ್ಬಹುದು, ಶಾಲೆಯ ವರಾಂಡದಲ್ಲೂ ಮಾಡ್ಬಹುದು, ದೊಡ್ಡ ಖರ್ಚಿಲ್ಲ. ಎರಡು ಎಚ್ಚರಿಕೆ ಮಾತ್ರ. 2001ರಿಂದ ಕೆಲವು ಜಾತಿಯ ಚಿಪ್ಪುಗಳು ವನ್ಯಜೀವಿ ಕಾಯ್ದೆಯೊಳಗೆ ಬಂದಿವೆ, ಹವಳಗಳೂ ಅಷ್ಟೇ, ಹಾಗಾಗಿ ಅಂಗಡಿಯಿಂದ ಚಂದದ್ದು ಆರಿಸಿ ತರ್ಲಿಕ್ಕೆ ಹೋಗ್ಬೇಡಿ, ಮರಳಿನಲ್ಲಿ ಬಿದ್ದ ಮಾಮೂಲಿ ಚೂರುಪಾರು ಸಾಕು. ಇನ್ನೊಂದು, ಖಾಲಿ ಅಂತ ಹೆಕ್ಕಿದ ಶಂಖವನ್ನು ನೆರಳಲ್ಲಿಟ್ಟು ಐದು ನಿಮಿಷ ಕಾಯ್ಬೇಕು, ಒಳಗೆ ಸನ್ಯಾಸಿ ಏಡಿ ಇದ್ರೆ ಮೊದಲು ಮೀಸೆ, ಆಮೇಲೆ ಕಾಲು ಹೊರಗೆ ಬರ್ತದೆ. ಅದರ ಮೆತ್ತಗಿನ ಹೊಟ್ಟೆಯೂ ಬಲಬಾಯಿಯ ಶಂಖದ ಒಳಗಿನ ತಿರುವಿಗೆ ಸರಿಯಾಗಿಯೇ ಡೊಂಕಾಗಿ ಉಂಟು. ಅಂಥದ್ದು ಸಿಕ್ಕಿದ್ರೆ ಟ್ರೇಗೆ ಬೇಡ, ಇದ್ದಲ್ಲೇ ಬಿಟ್ಟು ಬೇರೆ ಹುಡುಕಿ.